ಹೆರಳು ಹಾಕಲೂ ಕೈ ಏಳದಿದ್ದರೆ

ಪ್ರಶ್ನೆ: ನನಗೆ 52 ವರ್ಷ, ಸಕ್ಕರೆ ಕಾಯಿಲೆ ಇದೆ. ನಾಲ್ಕು ತಿಂಗಳಿಂದ ಬಲಭುಜ ನೋವು. ಹೆರಳು ಹಾಕಿಕೊಳ್ಳಲು ಕೈ ಏಳುವುದಿಲ್ಲ, ಆ ಮಗ್ಗುಲಿಗೆ ಮಲಗಲಾಗುವುದಿಲ್ಲ. ಎಂಆರ್‌ಐ ಮಾಡಿಸಬೇಕೆ?
– ಗೃಹಿಣಿ, ಹಾವೇರಿ

ಉತ್ತರ: ಎಂಆರ್‌ಐಗೂ ಮೊದಲು ಖರ್ಚಿಲ್ಲದ ಪರೀಕ್ಷೆಯೊಂದಿದೆ. ವೈದ್ಯರು ರೋಗಿಯ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು ಮುಂಗೈಯನ್ನು ಮೆಲ್ಲಗೆ ಹೊರಕ್ಕೆ ತಿರುಗಿಸುತ್ತಾರೆ. ಅವರು ತಿರುಗಿಸಿದರೂ ಕೈ ಹೊರಳದಿದ್ದರೆ ಕೀಲೇ ಬಿಗಿದಿದೆ. ಬೇರೆಯವರು ಎತ್ತಿದರೆ ಸಲೀಸಾಗಿ ಮೇಲೇರುವ ಕೈ, ರೋಗಿ ತಾನೇ ಎತ್ತಹೋದಾಗ ಮಾತ್ರ ಸೋತರೆ ಸ್ನಾಯುರಜ್ಜು ಹರಿದಿರುವ ಶಂಕೆ. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ನೋವಿನ ಮಾತ್ರೆ ನುಂಗುತ್ತಾ ತಿಂಗಳು ಕಳೆಯುವವರು ಈ ವ್ಯತ್ಯಾಸ ತಿಳಿಯುವ ಅವಕಾಶವನ್ನೇ ಕಳೆದುಕೊಳ್ಳುತ್ತಾರೆ.

ಭುಜದ ಗುಂಡು ದೊಡ್ಡದು, ಅದು ಕೂರುವ ಗುಳಿ ಬಲು ಆಳವಿಲ್ಲದ್ದು. ಸಾಸರ್ ಮೇಲೆ ಚೆಂಡಿಟ್ಟ ಹಾಗೆ. ಅದಕ್ಕೇ ಕೈ ಎಲ್ಲ ದಿಕ್ಕಿಗೂ ತಿರುಗುತ್ತದೆ, ಅದಕ್ಕೇ ಭುಜ ಬೇಗ ಜಾರುತ್ತದೆ. ಗುಂಡನ್ನು ಗುಳಿಯಲ್ಲಿ ಒತ್ತಿ ಹಿಡಿಯುವುದು ರೊಟೇಟರ್ ಕಫ್ ಎಂಬ ನಾಲ್ಕು ಸ್ನಾಯುಗಳ ಗುಂಪು. ಇದೆಲ್ಲದರ ಸುತ್ತ ಸಡಿಲವಾದ ಕೀಲುಚೀಲವೊಂದಿದೆ. ಅದು ಉರಿಯೂತದಿಂದ ದಪ್ಪಗಾಗಿ ಕುಗ್ಗಿದಾಗ ಬರುವುದೇ ಫ್ರೋಜನ್ ಶೋಲ್ಡರ್. ಅಮೆರಿಕದ ಶಸ್ತ್ರಚಿಕಿತ್ಸಕ ಅರ್ನೆಸ್ಟ್ ಕಾಡ್‌ಮನ್ 1934ರಲ್ಲಿ ಕೊಟ್ಟ ಹೆಸರಿದು. 40ರಿಂದ 60ರ ವಯಸ್ಸಿನವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಹೆಚ್ಚು. ಸಕ್ಕರೆ ಕಾಯಿಲೆಯವರಿಗೆ ಬರುವ ಸಾಧ್ಯತೆ ಉಳಿದವರಿಗಿಂತ ಎಷ್ಟೋ ಪಟ್ಟು ಜಾಸ್ತಿ.

ಹಾವೇರಿಯ ಈ ಓದುಗರ ಲಕ್ಷಣಗಳು ಅತ್ತಲೇ ಬೊಟ್ಟು ಮಾಡುತ್ತವೆ. ಕೀಲಿನ ಸವೆತ ಇಲ್ಲವೆಂದು ನೋಡಲು ಸಾಮಾನ್ಯವಾಗಿ ಎಕ್ಸ್‌ರೇ ಸಾಕು. ನೋವು ತೀವ್ರವಾಗಿರುವ ಆರಂಭದಲ್ಲಿ ಕೀಲಿನೊಳಗೆ ಕೊಡುವ ಸ್ಟೀರಾಯ್ಡ್ ಚುಚ್ಚುಮದ್ದು ಹಿತ ತರುತ್ತದೆ, ಆದರೆ ಕೆಲ ದಿನ ರಕ್ತದ ಸಕ್ಕರೆ ಏರುತ್ತದೆ. ವೈದ್ಯರಿಗೆ ಮೊದಲೇ ಹೇಳಿ, ಮನೆಯಲ್ಲಿ ಪರೀಕ್ಷಿಸಿಕೊಳ್ಳುತ್ತಿರಬೇಕು. ಫಿಸಿಯೋಥೆರಪಿಯ ವ್ಯಾಯಾಮ ದಿನವೂ ಬೇಕು, ಬಲವಂತವಾಗಿ ಎಳೆಯುವುದು ಬೇಡ. ಬಿಗಿತ ಬಿಡಲು ಒಂದರಿಂದ ಮೂರು ವರ್ಷ ಹಿಡಿಯಬಹುದು. ಹೆಚ್ಚಿನವರ ಕೈ ಮತ್ತೆ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ಖಾನಾವಳಿಯಲ್ಲಿ ರೊಟ್ಟಿ ತಟ್ಟುತ್ತೇನೆ. ಮೊಣಕೈಯ ಹೊರಬದಿ ನೋವು, ತಂಬಿಗೆ ಎತ್ತಿದರೂ ಚಳಕು. ಇಂಜೆಕ್ಷನ್ ತೆಗೆದುಕೊಳ್ಳಲೆ?
– ಓದುಗರು, ವಿಜಯಪುರ

ಉತ್ತರ: ಇದು ಟೆನ್ನಿಸ್ ಎಲ್ಬೋ ಇರಬಹುದು. ರಾಕೆಟ್ ಮುಟ್ಟದವರಿಗೇ ಇದು ಹೆಚ್ಚು. ಸಚಿನ್ ತೆಂಡೂಲ್ಕರ್ ಅವರನ್ನು 2004ರಲ್ಲಿ ಮೈದಾನದಿಂದ ದೂರವಿಟ್ಟದ್ದೂ ಇದೇ. ಮಣಿಕಟ್ಟನ್ನು ಮೇಲೆತ್ತುವ ಸ್ನಾಯುವಿನ ರಜ್ಜು ಮೊಣಕೈಯ ಹೊರಮೂಳೆಗೆ ಅಂಟುವಲ್ಲಿ ಜೀರ್ಣವಾಗುತ್ತದೆ. ಇಲ್ಲಿ ಸ್ಟೀರಾಯ್ಡ್ ಚುಚ್ಚಿದರೆ ಕೆಲ ವಾರ ಹಾಯೆನಿಸುತ್ತದೆ. ವರ್ಷದ ಲೆಕ್ಕ ಹಾಕಿದರೆ ಚುಚ್ಚಿಸಿಕೊಳ್ಳದವರೇ ಮೇಲು ಎಂದು ಅಧ್ಯಯನಗಳು ತೋರಿಸಿವೆ. ಅಂಗೈ ಮೇಲ್ಮುಖವಾಗಿಟ್ಟು ಭಾರ ಎತ್ತುವುದು, ಕೆಲಸದ ನಡುವೆ ಬಿಡುವು, ನಿಧಾನಕ್ಕೆ ಭಾರ ಹೆಚ್ಚಿಸುವ ವ್ಯಾಯಾಮ ಉತ್ತಮ.

ಪ್ರಶ್ನೆ: ಮೂರು ವರ್ಷದ ಮೊಮ್ಮಗನನ್ನು ಕೈಹಿಡಿದು ಮೇಲೆಳೆದೆ. ಅಂದಿನಿಂದ ಕೈ ಜೋಲುಬಿಟ್ಟಿದ್ದಾನೆ.
– ಅಜ್ಜ, ತುಮಕೂರು

ಉತ್ತರ: ಎಳೆದಾಗ ಮುಂಗೈ ಮೂಳೆಯ ತಲೆ ತನ್ನ ಸುತ್ತಲ ಪಟ್ಟಿಯಿಂದ ಸ್ವಲ್ಪ ಜಾರಿರಬಹುದು. ಪಳಗಿದ ವೈದ್ಯರು ಕ್ಷಣದಲ್ಲಿ ಕೂರಿಸುತ್ತಾರೆ, ಇಂದೇ ತೋರಿಸಿ. ಎಣ್ಣೆ ನೀವಬೇಡಿ. ಮಗು ಬಿದ್ದು ಮೊಣಕೈ ಊದಿದ್ದರೆ ಅದು ಮುರಿತವಿರಬಹುದು, ಎಕ್ಸ್‌ರೇ ಬೇಕು. ಮುರಿತಕ್ಕೆ ಹಾಕಿದ ಬಿಗಿಯಾದ ಕಟ್ಟು ರಕ್ತ ತಡೆದು ಸ್ನಾಯುಗಳನ್ನೇ ಸಾಯಿಸಬಲ್ಲದು: ಬೆರಳು ತಣ್ಣಗಾದರೆ, ಬಿಳಿಚಿದರೆ, ಮಡಿಚಿದ ಬೆರಳು ಬಿಡಿಸುವಾಗ ಮಗು ಚೀರಿದರೆ ಕಟ್ಟು ಸಡಿಲಿಸಿ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.