ಎರೆಮಣ್ಣಿನ ವರ್ಗೀಕರಣ

ಉತ್ತರ ಕರ್ನಾಟಕದ ರೈತರು ಕಪ್ಪುನೆಲವನ್ನು ‘ಎರೆ’ ಎಂದೂ ಕೆಂಪುನೆಲವನ್ನು ‘ಮಸಾರಿ’ ಎಂದೂ ಕರೆಯುತ್ತಾರೆ. ಈ ವಿಭಜನೆಗೆ ಬಣ್ಣವೇ ಆಧಾರವೆಂದು ತೋರಬಹುದು. ಆದರೆ ಮಣ್ಣುವಿಜ್ಞಾನಕ್ಕೆ ಬಣ್ಣವೊಂದೇ ಸಾಲದು. ಕಪ್ಪಾಗಿದ್ದರೂ ಎರೆಯಲ್ಲಿ ಸಾವಯವ ಇಂಗಾಲವು ಸಾಮಾನ್ಯವಾಗಿ ಶೇಕಡಾ 1ಕ್ಕಿಂತ ಕಡಿಮೆ.

1975ರಲ್ಲಿ ಪ್ರಕಟವಾದ ಅಮೆರಿಕದ ವರ್ಗೀಕರಣ ಪದ್ಧತಿಯು ಇಂಥ ಮಣ್ಣನ್ನು ‘ವರ್ಟಿಸಾಲ್’ ಗಣಕ್ಕೆ ಸೇರಿಸುತ್ತದೆ. ಇದರ ಲಕ್ಷಣಗಳು ಮೂರು: 50 ಸೆಂಟಿಮೀಟರ್ ಆಳದವರೆಗೆ ಶೇಕಡಾ 30ಕ್ಕೆ ಕಡಿಮೆಯಿಲ್ಲದ ಜೇಡಿ, ಕಾಲಕಾಲಕ್ಕೆ ತೆರೆದು ಮುಚ್ಚುವ ಬಿರುಕು, ಒಳಪದರಗಳು ಒಂದರ ಮೇಲೊಂದು ಜಾರಿ ಉಂಟಾದ ನುಣುಪು ಮೈ. ಮೊದಲನೆಯದನ್ನು ಪ್ರಯೋಗಾಲಯ ಅಳೆಯುತ್ತದೆ. ಉಳಿದೆರಡನ್ನು ಹೊಲದಲ್ಲಿ ಗುಂಡಿ ತೋಡಿಯೇ ಕಾಣಬೇಕು. ಮೂರಕ್ಕೂ ಮೂಲ, ನೆನೆದಾಗ ಹಿಗ್ಗಿ ಒಣಗಿದಾಗ ಕುಗ್ಗುವ ಸ್ಮೆಕ್ಟೈಟ್ ಜೇಡಿ.

ಉಪಗಣವನ್ನು ನಿರ್ಧರಿಸುವುದು ಹವೆ. ವಿಜಯಪುರದ ವಾರ್ಷಿಕ ಮಳೆ ಸುಮಾರು 600 ಮಿಲಿಮೀಟರ್. ಅದರ ಬಹುಭಾಗ ಜೂನ್‌ನಿಂದ ಅಕ್ಟೋಬರ್‌ವರೆಗೆ ಬೀಳುತ್ತದೆ. ಅನಂತರದ ದೀರ್ಘ ಒಣಗಾಲದಲ್ಲಿ ನೆಲ ಬಿರಿಯುತ್ತದೆ. ವರ್ಷದಲ್ಲಿ ಒಟ್ಟು 90 ದಿನವಾದರೂ ಬಿರುಕು ತೆರೆದಿದ್ದು, ಮರುಭೂಮಿಯಷ್ಟು ಒಣಗದ ಇಂಥ ನೆಲ ‘ಉಸ್ಟರ್ಟ್’. ಇದೇ ಜೇಡಿ ಹೆಚ್ಚು ತೇವದ ಹವೆಯಲ್ಲಿದ್ದರೆ ‘ಉಡರ್ಟ್’ ಎನಿಸುತ್ತಿತ್ತು.

‘ಎರೆ’ ಎಂಬುದಕ್ಕೆ ಕಪ್ಪು ಎಂಬ ಅರ್ಥವೂ ಉಂಟು. ಆದರೆ ನೆಲದಲ್ಲಿ ಉಳಿದ ತೇವವನ್ನೇ ನಂಬಿ ಹಿಂಗಾರಿ ಜೋಳ ಬಿತ್ತುವ ಒಕ್ಕಲಿಗನಿಗೆ ಅದು ನೆಲದ ನಡತೆಯ ಹೆಸರು. ಕನ್ನಡದಲ್ಲಿ ಶಾಸ್ತ್ರ ಬರೆಯುವವರು ‘ಕಪ್ಪುಮಣ್ಣು’ ಎಂದಷ್ಟೇ ಬರೆದರೆ ಬಣ್ಣ ಉಳಿಯುತ್ತದೆ, ಆ ಅರಿವು ಕಳೆದುಹೋಗುತ್ತದೆ.