ಮಗ್ಗ ನಿಂತ ಮೇಲೂ

ತಮ್ಮಾ,

ಮೊನ್ನೆ ಫೋನಿನಲ್ಲಿ ನೀನು "ಕಾಕಾ, ರಾತ್ರಿ ಮಲಗಿದ್ರ ಕಿವ್ಯಾಗ ಒಂದೇ ಸಮ ಗುಂಯ್ ಅಂತೈತಿ, ಹುಚ್ಚ ಹಿಡೀತದೋ ಏನೋ" ಎಂದೆ. ಹಿಡಿಯುವುದಿಲ್ಲ. ಮೊದಲು ಇದನ್ನು ನಂಬು. ಆ ಸಪ್ಪಳ ಕಟ್ಟಿಕೊಂಡು ನಾನು ಇಪ್ಪತ್ತೆರಡು ವರ್ಷ ಬಾಳೇವು ಮಾಡಿದ್ದೇನೆ.

ನನಗದು ಗೊತ್ತಾದದ್ದು ಬೆಟಗೇರಿಯಲ್ಲಿ, ಕರೆಂಟು ಹೋದ ಒಂದು ರಾತ್ರಿ. ಶೆಡ್ಡಿನ ಎಂಟೂ ಪಾವರ್‌ಲೂಮು ಒಮ್ಮೆಲೇ ನಿಂತವು. ಓಣಿಯೆಲ್ಲ ಗಪ್ಪಾಯಿತು. ಲಾಳಿ ಹಾಸಿನ ನಡುವೆ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡಿತ್ತು. ಕೈಯಿಟ್ಟು ನೋಡಿದೆ, ಮಿಸುಕಾಡಲಿಲ್ಲ. ಕಿವಿಯೊಳಗೆ ಮಾತ್ರ ಒಂದು ಮಗ್ಗ ಓಡುತ್ತಲೇ ಇತ್ತು. ಪಕ್ಕದವರು ಜನರೇಟರ್ ಹಚ್ಚಿದ್ದಾರೇನೋ ಎಂದು ಹೊರಗೆ ಹೋಗಿ ನೋಡಿ ಬಂದೆ.

ಒಳಕಿವಿಯಲ್ಲಿ ಶಂಖದ ಸುರುಳಿಯಂಥ ಒಂದು ಭಾಗವಿದೆ, ಅದರಲ್ಲಿ ಸುಮಾರು 15,000 ರೋಮಕೋಶಗಳು. ಜೋರು ಸಪ್ಪಳಕ್ಕೆ ಅವು ಸಾಯುತ್ತವೆ. ಹಾಸಿನ ಎಳೆ ಹರಿದರೆ ಗಂಟು ಹಾಕುತ್ತೇವೆ. ಇವಕ್ಕೆ ಗಂಟಿಲ್ಲ, ಮನುಷ್ಯರಲ್ಲಿ ಮತ್ತೆ ಹುಟ್ಟುವುದೂ ಇಲ್ಲ. ಬರಬೇಕಾದ ಸದ್ದು ಬಾರದಾಗ ಮಿದುಳು ಅದನ್ನು ಹುಡುಕಿ ಹುಡುಕಿ ತಾನೇ ಮೊರೆಯತೊಡಗುತ್ತದೆ ಎನ್ನುತ್ತಾರೆ ಬಲ್ಲವರು. ಅದನ್ನು ಪೂರ್ತಿ ಅಳಿಸುವ ಗುಳಿಗೆ ಇವತ್ತಿಗೂ ಇಲ್ಲ. "ಗ್ಯಾರಂಟಿ" ಎಂದು ಮಾರಿದ ಹನಿಗಳಿಗೆ ನಾನು ಒಂದು ದೀಪಾವಳಿಯ ಬೋನಸ್ಸೇ ಸುರಿದೆ. ನೀನು ಸುರಿಯಬೇಡ. ಬಿಸಿ ಎಣ್ಣೆ, ಕಡ್ಡಿ ಯಾವುದನ್ನೂ ಕಿವಿಗೆ ಹಾಕಬೇಡ.

ನಾನು ಮಾಡಿದ ಇನ್ನೊಂದು ತಪ್ಪು, ನಿಶ್ಶಬ್ದ ಹುಡುಕಿಕೊಂಡು ಹೋದದ್ದು. ಮುಂಡರಗಿ ಕಡೆ ಕಪ್ಪತಗುಡ್ಡದ ಬುಡದಲ್ಲಿ ಅಕ್ಕನ ಮನೆಯಿದೆಯಲ್ಲ, ಅಲ್ಲಿಗೆ ಹೋಗಿ ಮಲಗಿದೆ. ಗಾಳಿಯೂ ಇಲ್ಲದ ರಾತ್ರಿ. ಅಷ್ಟು ಜೋರಾಗಿ ಅದು ಎಂದೂ ಕೇಳಿರಲಿಲ್ಲ; ಬೆಳಗಿನವರೆಗೆ ಕೂತೇ ಇದ್ದೆ. ಬೇರೆ ಸದ್ದಿಲ್ಲದ ಕಡೆ ಅದೊಂದೇ ಕೇಳುತ್ತದೆ. ಆದ್ದರಿಂದ ಮಲಗುವಾಗ ಫ್ಯಾನು ತಿರುಗಲಿ, ಮೊರೆತಕ್ಕಿಂತ ತುಸು ಮೆಲ್ಲಗೆ ರೇಡಿಯೋ ಹಾಡಲಿ.

ಗದಗಿನ ವೀರೇಶ್ವರ ಪುಣ್ಯಾಶ್ರಮ ನಿನಗೆ ಗೊತ್ತು, ಪಂಚಾಕ್ಷರ ಗವಾಯಿಗಳು, ಅವರ ತರುವಾಯ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿದ ಜಾಗ. ಅಲ್ಲಿ ಕೂತು ಹಾಡು ಕೇಳುವಾಗ ಒಮ್ಮೆ ಗಮನಿಸಿದೆ: ತಂಬೂರಿ ಮೀಟಲು ಶುರುಮಾಡಿದಾಗ ಕಿವಿಯೆಲ್ಲ ಅದರ ಮೇಲೇ. ಹಾಡು ಎತ್ತಿದ ಮೇಲೆ ತಂಬೂರಿ ಎಲ್ಲಿ ಹೋಯಿತೋ! ಅದು ನಿಂತಿರಲಿಲ್ಲ, ನನ್ನ ಲಕ್ಷ್ಯ ಹಾಡಿಗೆ ಹೋಗಿತ್ತು. ನನ್ನ ಮೊರೆತವೂ ಹಾಗೇ ಹಿಂದೆ ಸರಿಯಲು ಹೆಚ್ಚುಕಡಿಮೆ ವರ್ಷ ಹಿಡಿಯಿತು. ಈಗಲೂ ನಿದ್ದೆಗೆಟ್ಟ ದಿನ, ಜಗಳವಾಡಿದ ದಿನ ಮುಂದೆ ಬರುತ್ತದೆ. ಬಂದರೆ ಅಂಜುವುದಿಲ್ಲ. ಅಂಜಿದಷ್ಟೂ ಅದು ಏರುತ್ತದೆ.

ಆದರೂ ಡಾಕ್ಟರಿಗೆ ತೋರಿಸಲೇಬೇಕು. ಗುಗ್ಗೆ ಗಟ್ಟಿಯಾಗಿದ್ದರೂ ಹೀಗಾಗುವುದುಂಟು. ಒಂದೇ ಕಿವಿಯಲ್ಲಿದ್ದರೆ, ನಾಡಿಯ ಜೊತೆ ಬಡಿಯುತ್ತಿದ್ದರೆ, ತಲೆ ತಿರುಗಿದರೆ ತಡ ಮಾಡಬೇಡ. ಕಿವಿ ಒಮ್ಮೆಲೇ ಕೇಳದಾದರೆ ಅಂದೇ ಓಡು. 1965ರಲ್ಲಿ ಶುರುವಾದ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇಂಥದ್ದಕ್ಕೇ ಇದೆ. ನಾಚಿಕೆಗೆ ಆರು ವರ್ಷ ಮುಂದೂಡಿದ ಶ್ರವಣಯಂತ್ರ ಹಾಕಿಕೊಂಡ ಮೇಲೆ ನನಗೆ ಹೊರಗಿನ ಮಾತು ಒಳಬಂತು, ಮೊರೆತ ತಗ್ಗಿತು.

ಇನ್ನು ನಿನ್ನ ಡಿಜೆ ಕೆಲಸ. ಲಕ್ಷ್ಮೇಶ್ವರ, ಶಿರಹಟ್ಟಿಯ ಗಣಪತಿ ಮೆರವಣಿಗೆಯಲ್ಲಿ ಬಾಕ್ಸಿಗೆ ಬೆನ್ನು ಹಚ್ಚಿ ನಿಲ್ಲುತ್ತೀಯ. 85 ಡೆಸಿಬೆಲ್ಲಿನ ಸದ್ದನ್ನು ಎಂಟು ತಾಸು ತಾಳಬಹುದು ಎಂದು ಒಂದು ಲೆಕ್ಕವಿದೆ. ಮೂರು ಏರಿದರೆ ತಾಸು ಅರ್ಧ. 100ಕ್ಕೆ ಉಳಿಯುವುದು ಹದಿನೈದು ನಿಮಿಷ. ಕೆಲಸ ಬಿಡು ಎನ್ನುವುದಿಲ್ಲ, ನನಗೂ ಮಗ್ಗ ಬಿಡಲು ಆಗಿರಲಿಲ್ಲ. ಬಾಕ್ಸಿನಿಂದ ದೂರ ನಿಲ್ಲು, ಇಯರ್‌ಪ್ಲಗ್ ಹಾಕು. ಹತ್ತಿ ತುರುಕಿಕೊಂಡರೆ ಸಾಲದು, ನಾನು ತುರುಕಿಕೊಂಡವನೇ. ಮನೆಗೆ ಬಂದೊಡನೆ ಪ್ಲಗ್ ತೆಗೆದುಬಿಡು, ಇಲ್ಲದಿದ್ದರೆ ಒಳಗಿನದೇ ಕೇಳುತ್ತ ಕೂರುತ್ತೀಯ.

ರಾತ್ರಿ ಎರಡಕ್ಕೆ ಕೆಟ್ಟ ಯೋಚನೆ ಬಂದರೆ ಎರಡಕ್ಕೇ ಫೋನು ಮಾಡು. ಎತ್ತುತ್ತೇನೆ.

ಬರುವ ಅಮಾವಾಸ್ಯೆಗೆ ನಮ್ಮಲ್ಲಿ ಮಗ್ಗ ಬಂದ್. ಬಂದುಬಿಡು. ಮುಂಜಾನೆ ಗದಗಿನಲ್ಲಿ ಕಿವಿ ತೋರಿಸೋಣ, ಸಂಜೆ ಆಶ್ರಮಕ್ಕೆ ಹೋಗೋಣ. ರಾತ್ರಿ ಮಾಳಿಗೆಯ ಮೇಲೆ ಮಲಗೋಣ. ಫ್ಯಾನಿಗೆಂದು ಅಲ್ಲಿಯ ತನಕ ವೈರು ಎಳೆದಿಟ್ಟಿದ್ದೇನೆ.