ವರ್ತನೆಯ ತೊಡಕುಳ್ಳ ಮಗುವಿಗೆ ತಕ್ಕ ಶಾಲೆ: ತೇನಿ, ಕಂಬಂ ಕಣಿವೆ ಮತ್ತು ದಿಂಡುಕ್ಕಲ್ ಪ್ರದೇಶದ ಹಿನ್ನೆಲೆಯಲ್ಲಿ

ಸಹಪಾಠಿಗಳನ್ನು ಹೊಡೆಯುವ, ಪಾಠದ ನಡುವೆ ಎದ್ದು ಓಡುವ, ಪುಸ್ತಕವನ್ನು ಹರಿದೆಸೆಯುವ ಮಗುವಿನ ತಂದೆತಾಯಿಗಳಿಗೆ ಸಾಮಾನ್ಯವಾಗಿ ದೊರೆಯುವ ಸಲಹೆ ಒಂದೇ: ‘ಬೇರೆ ಶಾಲೆ ನೋಡಿಕೊಳ್ಳಿ.’ ಯಾವ ಶಾಲೆ, ಏತಕ್ಕಾಗಿ ಎಂಬುದನ್ನು ಹೇಳುವವರು ವಿರಳ. ತಕ್ಕ ಶಾಲೆಯ ಹುಡುಕಾಟವು ಮಗುವನ್ನು ಅರಿಯುವುದರಿಂದ ಆರಂಭವಾಗಬೇಕು. ಭಾಷಾ ಅಲ್ಪಸಂಖ್ಯಾತ ಕುಟುಂಬದ ಮಗುವಿನ ವಿಷಯದಲ್ಲಿ ಆ ಅರಿವಿನ ಮೊದಲ ಮೆಟ್ಟಿಲು ಮನೆಮಾತು.

ಕಂಬಂ ಕಣಿವೆಯ ಕಪ್ಪಿಲಿಯರೂ ದಿಂಡುಕ್ಕಲ್ ಸುತ್ತಲಿನ ಅನುಪ್ಪರೂ ತಲೆಮಾರುಗಳಿಂದ ಮನೆಯೊಳಗೆ ಕನ್ನಡವನ್ನು ಉಳಿಸಿಕೊಂಡು ಬಂದವರು. ಈ ಪ್ರದೇಶಗಳೆಲ್ಲ ಹಿಂದೆ ಮಧುರೆ ಜಿಲ್ಲೆಗೆ ಸೇರಿದ್ದವು; 1909ರಲ್ಲಿ ಪ್ರಕಟವಾದ ಥರ್ಸ್ಟನ್ನರ ಗ್ರಂಥವೂ ಈ ಎರಡು ಸಮುದಾಯಗಳನ್ನು ಕನ್ನಡ ನುಡಿಯುವವರೆಂದೇ ದಾಖಲಿಸಿದೆ. ಇವರ ಕನ್ನಡ ಬಹುಮಟ್ಟಿಗೆ ಆಡುಮಾತು, ಓದುಬರಹ ತಮಿಳಿನದು. ಹೊಸೂರು, ತಾಳವಾಡಿ ಕಡೆಯ ಕನ್ನಡ ಮಾಧ್ಯಮ ಶಾಲೆಗಳ ಶಿಕ್ಷಕರಿಗೂ ಇದು ದೂರದ ಸಂಗತಿಯಲ್ಲ. ಅಲ್ಲಿಯೂ ಮನೆಯಲ್ಲಿ ತೆಲುಗನ್ನೋ ಬಡಗವನ್ನೋ ಆಡುವ ಮಗು ಕನ್ನಡ ತರಗತಿಯಲ್ಲಿ ಇದೇ ಸ್ಥಿತಿಯಲ್ಲಿ ಕುಳಿತಿರಬಹುದು.

ಕಣಿವೆಯ ಒಂದು ಗ್ರಾಮದ ಮೂರನೆಯ ತರಗತಿಯ ಬಾಲಕನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ತಂದೆತಾಯಿಗಳು ನಸುಕಿಗೆ ಮೊದಲೇ ಜೀಪು ಹತ್ತಿ, ಕಂಬಂ ಮೆಟ್ಟು ದಾಟಿ, ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಕೂಲಿಗೆ ಹೋಗುತ್ತಾರೆ. ಬಾಲಕನನ್ನು ಎಬ್ಬಿಸಿ ಶಾಲೆಗೆ ಕಳುಹಿಸುವವಳು ಕನ್ನಡವನ್ನಷ್ಟೇ ಸರಾಗವಾಗಿ ಆಡುವ ಅಜ್ಜಿ. ತರಗತಿಯಲ್ಲಿ ಆತ ಸೂಚನೆಗಳನ್ನು ಪಾಲಿಸುವುದಿಲ್ಲ, ಪ್ರಶ್ನಿಸಿದರೆ ಸುಮ್ಮನಿರುತ್ತಾನೆ, ಬರವಣಿಗೆಯ ವೇಳೆಗೆ ಪಕ್ಕದವನನ್ನು ತಳ್ಳುತ್ತಾನೆ. ಆತನಿಗೆ ಸೂಚನೆ ಅರ್ಥವಾಗಿಲ್ಲವೇ, ಕೇಳಿಸಿಲ್ಲವೇ, ಅರ್ಥವಾಗಿಯೂ ಮಾಡಲಾಗುತ್ತಿಲ್ಲವೇ? ಹೊರಗಿನಿಂದ ಮೂರೂ ಒಂದೇ ರೀತಿ ಕಾಣುತ್ತವೆ. ಅದೇ ಸೂಚನೆಯನ್ನು ಅಜ್ಜಿ ಮನೆಮಾತಿನಲ್ಲಿ ಕೊಟ್ಟಾಗ ಆತ ಪಾಲಿಸುವನಾದರೆ, ಕನಿಷ್ಠಪಕ್ಷ ಆ ಒಂದು ತೊಡಕು ವರ್ತನೆಯದಲ್ಲ, ಭಾಷೆಯದು. ಮನೆಯಲ್ಲಿಯೂ ಅದೇ ವರ್ತನೆ ಕಂಡುಬಂದರೆ ಮಾತ್ರ ಕಾರಣವನ್ನು ಬೇರೆಡೆ ಹುಡುಕಬೇಕು.

ಹುಡುಕುವ ವಿಧಾನ ಕಠಿಣವಲ್ಲ, ತಾಳ್ಮೆ ಬೇಡುವಂಥದು. ಪ್ರತಿ ಘಟನೆಯ ಮೊದಲು ಏನು ನಡೆಯಿತು, ಮಗು ಏನು ಮಾಡಿತು, ಅನಂತರ ಅದಕ್ಕೆ ಏನು ದೊರೆಯಿತು ಎಂಬುದನ್ನು ಒಂದೆರಡು ವಾರ ಬರೆದಿಡಬೇಕು. ಬರವಣಿಗೆ ಆರಂಭವಾದೊಡನೆ ಬಾಲಕ ಹೊಡೆಯುತ್ತಾನೆ, ಶಿಕ್ಷಕರು ಹೊರಗೆ ನಿಲ್ಲಿಸುತ್ತಾರೆ, ಬರೆಯುವುದು ತಪ್ಪುತ್ತದೆ. ಶಿಕ್ಷೆಯೆಂದು ಕೊಟ್ಟದ್ದು ಆತನಿಗೆ ಬಿಡುಗಡೆಯಾಗಿ ಪರಿಣಮಿಸಿರುತ್ತದೆ. ಹತ್ತು ಸಾಲಿನ ಬದಲು ಎರಡು ಸಾಲು ಬರೆಯಿಸುವುದು, ದಣಿದಾಗ ವಿರಾಮ ಕೇಳಲು ಒಂದು ಸಂಜ್ಞೆಯನ್ನು ಕಲಿಸುವುದು, ಚಟುವಟಿಕೆ ಬದಲಾಗುವ ಮುನ್ನ ಎಚ್ಚರಿಸುವುದು: ಇಷ್ಟರಿಂದಲೇ ಎಷ್ಟೋ ಮಕ್ಕಳು ಶಮನಗೊಳ್ಳುತ್ತಾರೆ. ಶಾಲೆ ಬದಲಿಸುವ ಮಾತು ಇದಾದ ಮೇಲೆ ಬರಬೇಕಾದುದು.

ವೈದ್ಯಕೀಯ ಪರೀಕ್ಷೆಯಲ್ಲಿ ಮೊದಲು ಕಿವಿ. ಸೋರುವ ಕಿವಿಯ ಮಗು ಅವಿಧೇಯನೆನಿಸಿಕೊಳ್ಳುವುದು ಅಪರೂಪವಲ್ಲ. ಕೆಲವು ಕ್ಷಣ ಶೂನ್ಯದೃಷ್ಟಿಯಿಂದ ನಿಂತುಬಿಡುವ ಮಗುವಿಗೆ ಅಪಸ್ಮಾರದ ಒಂದು ಬಗೆ ಇರಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ಶಾಲೆಗೆ ಬಂದಾಗ ಇವನ್ನು ತಿಳಿಸಬಹುದು. ಆ ತಂಡವು ಮಗುವನ್ನು ಜಿಲ್ಲಾ ಶೀಘ್ರ ಚಿಕಿತ್ಸಾ ಕೇಂದ್ರಕ್ಕೆ ಕಳುಹಿಸುತ್ತದೆ. ವಿಶೇಷ ಶಿಕ್ಷಕರ ನೆರವಿಗೆ, ತಮಿಳಿನಲ್ಲಿ ‘ವಟ್ಟಾರ ವಳ ಮೈಯಂ’ ಎಂದು ಕರೆಯುವ ವಲಯ ಸಂಪನ್ಮೂಲ ಕೇಂದ್ರವನ್ನು ಸಂಪರ್ಕಿಸಬೇಕು.

ಪರೀಕ್ಷೆಯು ಯಾವ ಭಾಷೆಯಲ್ಲಿ ನಡೆಯಿತೆಂಬುದು ಫಲಿತಾಂಶದಷ್ಟೇ ಮುಖ್ಯ. ತಮಿಳು ಪದಗಳನ್ನು ಕೇಳಿ ಅಳೆದ ಬುದ್ಧಿಶಕ್ತಿ ಕನ್ನಡ ಮನೆಯ ಮಗುವಿನ ಪೂರ್ಣ ಅಳತೆಯಲ್ಲ. ಮನೆಯವರು ದುಭಾಷಿಗಳಾಗಿ ನೆರವಾಗಬಹುದು. ಆದರೆ ಪ್ರೀತಿಯಿಂದ ಉತ್ತರವನ್ನೂ ತಾವೇ ಹೇಳಿಕೊಟ್ಟುಬಿಡುವುದುಂಟು. ಕೇಳಿದ್ದನ್ನಷ್ಟೇ ನುಡಿಯುವಂತೆ ಮೊದಲೇ ತಿಳಿಸಬೇಕು. ಸ್ವಲೀನತೆಯುಳ್ಳ ಮಗುವಿನ ಮನೆಯವರಿಗೆ ‘ಕನ್ನಡ ಬಿಟ್ಟು ಒಂದೇ ಭಾಷೆ ಆಡಿ’ ಎಂಬ ಉಪದೇಶವೂ ದೊರೆಯುತ್ತದೆ. ಎರಡು ಭಾಷೆಗಳ ಪರಿಸರವು ಇಂತಹ ಮಕ್ಕಳ ಮಾತಿನ ಬೆಳವಣಿಗೆಗೆ ಹಾನಿಕರವೆಂದು ಅಧ್ಯಯನಗಳು ತೋರಿಸಿಲ್ಲ. ಅಜ್ಜಿಯೊಡನೆ ಮಾತು ಕಳೆದುಕೊಂಡ ಮಗು ದಿನದ ಬಹುಪಾಲು ಮಾತನ್ನೇ ಕಳೆದುಕೊಂಡಂತೆ.

ಕಾನೂನಿನ ನೆಲೆಯೂ ಸ್ಪಷ್ಟವಾಗಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ, ಎಂದರೆ ಎಂಟನೆಯ ತರಗತಿಯವರೆಗೆ, ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡೂ ನಿಷಿದ್ಧ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಶೇಕಡಾ 40 ಅಥವಾ ಹೆಚ್ಚಿನ ವೈಕಲ್ಯವುಳ್ಳ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಾಗಲಿ, ತಾನು ಆರಿಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕನ್ನು ನೀಡಿದೆ. ಆ ಕಾಯಿದೆಯ 21 ವೈಕಲ್ಯಗಳಲ್ಲಿ ಸ್ವಲೀನತೆ, ಬೌದ್ಧಿಕ ವೈಕಲ್ಯ, ನಿರ್ದಿಷ್ಟ ಕಲಿಕಾ ವೈಕಲ್ಯಗಳಿವೆ. ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆಗೆ ಪ್ರತ್ಯೇಕ ಹೆಸರಿಲ್ಲ. ಆದುದರಿಂದ ಅದೊಂದೇ ತೊಂದರೆಯಿರುವ ಮಗುವಿಗೆ ಪ್ರಮಾಣಪತ್ರದ ದಾರಿ ಸುಲಭವಲ್ಲ, ಸಾಮಾನ್ಯ ಶಾಲೆಯೇ ಆಸರೆ.

ವಿಶೇಷ ಶಾಲೆಯೇ ಬೇಕಾಗುವ ಮಕ್ಕಳೂ ಇದ್ದಾರೆ. ಆಗ ತಂದೆತಾಯಿಗಳು ಕಟ್ಟಡವನ್ನು ನೋಡಿ ಬರುವುದು ಸಾಲದು. ಮಗು ಕೆರಳಿದಾಗ ಅಲ್ಲಿನವರು ಏನು ಮಾಡುತ್ತಾರೆ, ಕೋಣೆಯಲ್ಲಿ ಕೂಡಿಹಾಕುತ್ತಾರೆಯೇ ಎಂದು ನೇರವಾಗಿ ಕೇಳಬೇಕು. ಪಾಠದ ವೇಳೆಯಲ್ಲಿ, ಊಟದ ವೇಳೆಯಲ್ಲಿ ಕುಳಿತು ನೋಡಬೇಕು. ಕಂಬದಿಂದ ದಿಂಡುಕ್ಕಲ್ಲಿಗೆ 100 ಕಿಲೋಮೀಟರಿಗೂ ಹೆಚ್ಚು ದೂರ; ದಿನವೂ ಹೋಗಿಬರುವುದು ಅಸಾಧ್ಯವಾದುದರಿಂದ ವಸತಿನಿಲಯದ ಪ್ರಶ್ನೆ ಏಳುತ್ತದೆ. ಮನೆಮಾತು ತಿಳಿದವರು ಒಬ್ಬರೂ ಇಲ್ಲದ ನಿಲಯದಲ್ಲಿ ಹಸಿವು, ನೋವು, ಭಯಗಳನ್ನು ಹೇಳಲಾರದ ಮಗು ಅವನ್ನು ವರ್ತನೆಯಿಂದಲೇ ಹೇಳತೊಡಗುತ್ತದೆ. ಸಣ್ಣ ಮಗುವಿಗೆ ಹತ್ತಿರದ ಸಾಮಾನ್ಯ ಶಾಲೆ ಮತ್ತು ವಿಶೇಷ ಶಿಕ್ಷಕರ ನಿಯತ ಭೇಟಿ, ದೂರದ ಉತ್ತಮ ನಿಲಯಕ್ಕಿಂತ ಬಹುಸಲ ಲೇಸು.

ಮಗು ಬೇರೆ ಶಾಲೆಗೆ ಹೋಗುವುದೇ ನಿಶ್ಚಯವಾದರೆ, ವರ್ಗಾವಣೆ ಪತ್ರದೊಡನೆ ಒಂದು ಪುಟದ ಬರಹವನ್ನೂ ಕಳುಹಿಸುವುದು ಉಚಿತ. ‘ಹಠಮಾರಿ’, ‘ಪುಂಡ’ ಎಂಬ ಪದಗಳಿಗೆ ಅದರಲ್ಲಿ ಎಡೆಯಿಲ್ಲ. ಮನೆಮಾತು ಯಾವುದು, ಯಾವ ವೇಳೆಯಲ್ಲಿ ಕೆರಳುತ್ತದೆ, ಯಾವುದರಿಂದ ಶಾಂತವಾಗುತ್ತದೆ, ಏನನ್ನು ಇಷ್ಟಪಟ್ಟು ಮಾಡುತ್ತದೆ, ಮನೆಯಲ್ಲಿ ಯಾರೊಡನೆ ಮಾತನಾಡಬೇಕು, ಆ ವ್ಯಕ್ತಿ ಯಾವ ಹೊತ್ತಿಗೆ ಸಿಗುತ್ತಾರೆ ಎಂಬಿಷ್ಟು ಸಾಕು.

ಅಭ್ಯಾಸ: ನಿಮ್ಮ ತರಗತಿಯ ಒಂದು ಮಗುವಿನ ಕುರಿತು, ಹೆಸರು ನಮೂದಿಸದೆ, ಇಂತಹ ಒಂದು ಪುಟವನ್ನು ಬರೆಯಿರಿ. ಬರೆಯಲಾಗದೆ ಖಾಲಿ ಉಳಿದ ಅಂಶಗಳನ್ನು ಮಗುವಿನ ಮನೆಗೆ ಹೋಗಿ ಕೇಳಿ ತುಂಬಿರಿ.